ಸೊಂಟದೆತ್ತರ ತೆರೆದ ಅಂಗಡಿ

ಷಟರ್ ಮೊಣಕಾಲಿನವರೆಗೆ ಬಂದು ಮೊಂಡು ಹಿಡಿಯಿತು. ಅಕ್ಕ ಎರಡೂ ಕೈ ಕೊಟ್ಟು ಎತ್ತುತ್ತಿದ್ದಳು. ಪಕ್ಕದಲ್ಲಿ ತಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಬಿಡಕ್ಕ, ಸಾಕು. ಬೀಗದ ಕೈ ಇಲ್ಲಿ ಕೊಡು."

"ಬಾಯಿ ಮುಚ್ಕೊಂಡು ನಿಂತ್ಕೋ."

ಪಂದ್ಯ ಕಟ್ಟಿದ್ದು ಅವಳೇ. ಅವಳಿಗೆ ಸಂಧಿವಾತ ಅಂಟಿಕೊಂಡ ಮೇಲೆ ಮೊಳೆ, ಚಿಲಕ ಮಾರುವ ಈ ಅಂಗಡಿಯ ಬಾಗಿಲು ತೆಗೆಯಲು ತಮ್ಮ ಬರುತ್ತಿದ್ದ. ಬಾಗಿಲು ತೆಗೆಯುತ್ತಿದ್ದವನು ಮೆಲ್ಲಗೆ ಗಲ್ಲಾದಲ್ಲೂ ಕೂತ. "ಷಟರ್ ಎತ್ತೋಕಾಗಲ್ಲ, ಅಂಗಡಿ ಹೇಗೆ ನಡೆಸ್ತೀಯ? ಮನೇಲಿ ಆರಾಮಾಗಿರು" ಎಂದು ನಿನ್ನೆ ಅಂದಾಗ ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು. "ನಾಳೆ ನಾನೇ ತೆಗೀತೀನಿ. ಆಗ್ಲಿಲ್ಲ ಅಂದ್ರೆ ಅಂಗಡಿ ನಿಂದೇ" ಅಂದುಬಿಟ್ಟಿದ್ದಳು.

ಆರಾಮವಂತೆ, ಆರಾಮ. ಅದೇ ಅವಳನ್ನು ಅರ್ಧ ತಿಂದುಹಾಕಿತ್ತು. ಉಳಿದರ್ಧ ತಿಂದದ್ದು ಕಾಯಿಲೆ. ಡಾಕ್ಟರಮ್ಮ ತೋಳು ಒತ್ತಿ ನೋಡಿ ಹೇಳಿದ್ದರು: "ಕೀಲಿನ ಊತ ಮಾತ್ರೆಗೆ ಇಳಿದಿದೆ. ಆದ್ರೆ ಒಳಗಿನ ಉರಿಯೂತ ಮಾಂಸಖಂಡ ಕರಗಿಸಿದೆ. ಸುಮ್ನೆ ಕೂತಷ್ಟೂ ಕರಗುತ್ತೆ. ಸ್ವಲ್ಪ ಸ್ವಲ್ಪವೇ ತೂಕ ಎತ್ತಿ." ಕರಗಿದ ಜಾಗದಲ್ಲಿ ಕೊಬ್ಬು ಬಂದು ಕೂತಿದ್ದರಿಂದ ನೋಡುವವರ ಕಣ್ಣಿಗೆ ಅವಳು ಗುಂಡುಗುಂಡಾಗಿಯೇ ಇದ್ದಳು. "ಮೈಕೈ ತುಂಬ್ಕೊಂಡಿದ್ದೀಯ, ನಿನಗೇನು ಕಾಯಿಲೆ?" ಅನ್ನುವವರಿಗೆ ಬರವಿರಲಿಲ್ಲ.

ಡಾಕ್ಟರಮ್ಮ ಹೇಳಿದ ದಿನದಿಂದ ತಮ್ಮ ಊಟಕ್ಕೆ ಹೋದಾಗಲೆಲ್ಲ ಅವಳು ಮೊಳೆ ತೂಗುವ ಬಟ್ಟು ಎತ್ತುತ್ತಿದ್ದಳು. ಮೊದಲು ಅರ್ಧ ಕೇಜಿಯದು, ಈಚೆಗೆ ಎರಡು ಕೇಜಿಯದು. ಬೆರಳು ಮಡಚದ ದಿನ ಅದನ್ನು ಚೀಲಕ್ಕೆ ಹಾಕಿ ಮೊಣಕೈಗೆ ನೇತುಹಾಕಿಕೊಳ್ಳುತ್ತಿದ್ದಳು. ನೋಯುತ್ತಿರಲಿಲ್ಲವೇ? ನೋಯುತ್ತಿತ್ತು. ಸುಮ್ಮನೆ ಕೂತರೂ ನೋಯುತ್ತಿತ್ತಲ್ಲ.

ಉಸಿರು ಬಿಗಿಹಿಡಿದು ಮತ್ತೊಮ್ಮೆ ಎತ್ತಿದಳು. ಷಟರ್ ಕಿರ್ರೆಂದು ಸೊಂಟದವರೆಗೆ ಬಂತು. ಅಲ್ಲಿಂದ ಮೇಲೆ ಜಪ್ಪಯ್ಯ ಅಂದರೂ ಹೋಗಲಿಲ್ಲ.

ತಮ್ಮ ಕೈಚಾಚಿದ. "ಈಗಲಾದ್ರೂ ಕೊಡು."

ಅವಳು ಕೊಡಲಿಲ್ಲ. ಮೆಟ್ಟಿಲ ಮೇಲೆ ಕೂತಳು. ಎದುರಿನ ಬೇಕರಿಯವನು ನೋಡುತ್ತಿದ್ದ, ಹೋಗಿಬರುವವರೂ ನೋಡುತ್ತಿದ್ದರು. ನೋಡಲಿ, ನಾಚಿಕೊಂಡು ಯಾರ ತೋಳಿಗೆ ಬಲ ಬಂದಿದೆ? ತಲೆ ತಗ್ಗಿಸಿ, ಕೂತುಕೊಂಡೇ ತೆವಳುತ್ತ ಷಟರಿನ ಅಡಿಯಿಂದ ಒಳಗೆ ಹೋದಳು. ಕೌಂಟರ್ ಹಿಡಿದು ಎದ್ದಳು, ಲೈಟು ಹಾಕಿದಳು.

"ಇದೇನಕ್ಕ, ಅರ್ಧ ಬಾಗಿಲು?" ತಮ್ಮ ಹೊರಗಿನಿಂದ ಕೇಳಿದ. "ತಾಳು, ಪೂರ್ತಿ ಎತ್ತುತ್ತೀನಿ."

"ಮುಟ್ಟಿದ್ರೆ ನೋಡು. ಇವತ್ತು ನನ್ನ ಅಂಗಡಿ ಇಷ್ಟೇ ಎತ್ತರ."

ಅಷ್ಟರಲ್ಲಿ ದಿನದ ಗಿರಾಕಿ ಬಡಗಿ ಬಂದ. ಷಟರ್ ನೋಡಿದ, ತಮ್ಮನ ಮುಖ ನೋಡಿದ, ಬಗ್ಗಿ ಒಳಗೆ ನುಗ್ಗಿದ.

"ಎರಡು ಕೇಜಿ ಮೊಳೆ ಕೊಡಕ್ಕ."

ಅವಳು ಬಟ್ಟು ಎತ್ತಿ ತಕ್ಕಡಿಗಿಟ್ಟಳು. ಕೈಯೂ ನಡುಗಿತು, ತಕ್ಕಡಿಯೂ ನಡುಗಿತು. ಅದು ನಿಲ್ಲುವವರೆಗೆ ಇಬ್ಬರೂ ಕಾದರು.

ಬಡಗಿ ಹೋದ ಮೇಲೆ ಷಟರಿನ ಕೆಳಗೆ ತಮ್ಮನ ಕಾಲುಗಳಷ್ಟೇ ಕಾಣುತ್ತಿದ್ದವು. ಚಪ್ಪಲಿಗಳು ಅತ್ತ ತಿರುಗಿದವು, ಇತ್ತ ತಿರುಗಿದವು. ಅವಳು ಕರೆಯಲಿಲ್ಲ. ಸುಮಾರು ಹೊತ್ತಿನ ಮೇಲೆ ಒಳಗೆ ಬರಲೆಂದು ಆ ಮೊಣಕಾಲುಗಳು ನಿಧಾನಕ್ಕೆ ಮಡಚಿಕೊಂಡವು.