ಎಣ್ಣೆ ಮಿಲ್ಲಿನ ಖಾಲಿ ಕುರ್ಚಿ

“ಕೂತ್ಕೋ ಅಂತ ಒಂದು ಮಾತು ಅನ್ನಾಕೆ ನಿಮ್ಮ ನಾಲಿಗೆಗೆ ಏನಾಗಿತ್ತು ಸಾವ್ಕಾರ್ರೆ?”

ತಿಮ್ಮಯ್ಯ ಹೀಗೆ ಕೇಳಿದಾಗ ಸಿದ್ದಬಸಪ್ಪನವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಬೆರಳು ಎಲೆಯ ಮೇಲೆ ಹಾಗೇ ನಿಂತಿತು. ಹದಿನೇಳು ವರ್ಷದಲ್ಲಿ ಈ ಮನುಷ್ಯ ಅವರೆದುರು ದನಿ ಎತ್ತಿದವನಲ್ಲ.

“ಆ ಬೆಂಗಳೂರಿನವರು ಮೂರು ಸಲ ಅಂದರಲ್ಲೋ. ಕಿವಿಗೆ ಹಿಂಡಿ ಮೆತ್ತಿಕೊಂಡಿದ್ಯಾ?”

“ಅವರು ಅಂದ್ರು. ನೀವು ಅನ್ನಲಿಲ್ಲ.”

ಆಫೀಸಿನ ಮೂಲೆಯಲ್ಲಿ ಚಾಪೆಯ ಮೇಲೆ ಕೂತು ಬರೆಯುತ್ತಿದ್ದ ಗುಮಾಸ್ತ ಸುಬ್ಬರಾಮಯ್ಯ ತಲೆ ಎತ್ತಲಿಲ್ಲ. ಲೇಖನಿ ಮಾತ್ರ ನಿಂತುಹೋಗಿತ್ತು.

ಅರಸೀಕೆರೆ ಸ್ಟೇಷನ್ನಿಗೆ ಕೂಗಳತೆ ದೂರದಲ್ಲಿದ್ದ ಆ ಕೊಬ್ಬರಿ ಎಣ್ಣೆ ಮಿಲ್ಲು ಮೊದಲು ಎರಡು ಎತ್ತಿನ ಗಾಣವಾಗಿತ್ತು. ತಿಮ್ಮಯ್ಯ ಗಂಡಸಿ ಎಂಬ ಊರಿನ ಕಡೆಯಿಂದ ಬಂದು ಗಾಣದ ಎತ್ತು ಹೊಡೆಯಲು ಸೇರಿದವನು. ಓದಿದ್ದು ಹಳ್ಳಿಯ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಗಾಣ ಹೋಗಿ ಯಂತ್ರ ಬಂತು, ಐದಾರು ಆಳಿದ್ದದ್ದು ನೂರಾಯಿತು. ಕಾಯಿ ಕೊಳ್ಳುವುದು ಅವನೇ, ಆಳು ಹಿಡಿಯುವುದು ಅವನೇ, ಯಂತ್ರ ಕೆಟ್ಟರೆ ಅದರ ಹೊಟ್ಟೆಯೊಳಗೆ ಕೈ ಹಾಕುವುದೂ ಅವನೇ. ಅಟ್ಟದಲ್ಲಿ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಹೇಳಿದರೆ ಅದು ಸುಳ್ಳಾಗುತ್ತಿರಲಿಲ್ಲ. ಸಾಹುಕಾರರು ಬೆಳಿಗ್ಗೆ ಒಂದು ಸಲ ಬಂದು ವಿಭೂತಿ ಹಚ್ಚಿದ ಹಣೆ ತೋರಿಸಿ ಹೋದರೆ ಸಾಕು. ಹೆಸರಿಗೆ ಮೇಸ್ತ್ರಿ, ಮಾಡಿದ್ದು ಮ್ಯಾನೇಜರ್ ಕೆಲಸ.

ಈ ವರ್ಷ, ಅಂದರೆ ಅರವತ್ತೊಂದರಲ್ಲಿ, ಮಿಲ್ಲು ಕಂಪನಿಯಾಯಿತು. ಬೆಂಗಳೂರಿನ ಇಬ್ಬರು ಪಾಲುದಾರರಾಗಿ ಬಂದರು. ಮಿಲ್ಲಿಗೆ ಮ್ಯಾನೇಜರ್ ಬೇಕು, ಅವನನ್ನು ಅರ್ಜಿ ಕರೆದು, ಸಂದರ್ಶನ ಮಾಡಿಯೇ ಆರಿಸಬೇಕು ಎಂದು ಪಟ್ಟು ಹಿಡಿದರು. ಸಾಹುಕಾರರು ತಿಮ್ಮಯ್ಯನನ್ನು ಕರೆದು, ಅರ್ಜಿ ಹಾಕು, ಅದೊಂದು ಶಾಸ್ತ್ರ ಅಷ್ಟೆ, ಈ ಕೆಲಸ ನಿನ್ನದೇ ಎಂದಿದ್ದರು.

ಮ್ಯಾನೇಜರ್‌ಗೆ ಅಂತ ಮಿಲ್ಲಿನ ಹಿಂದೆ ಬೇವಿನ ಮರದ ಪಕ್ಕ ಎರಡು ಕೋಣೆಯ ಮನೆ ಎದ್ದಿತ್ತು. ತಿಮ್ಮಯ್ಯನ ಕಣ್ಣಿದ್ದದ್ದು ಆ ಮನೆಯ ಮೇಲೆ. ಹದಿನೇಳು ವರ್ಷ ಅವನು ಮಿಲ್ಲಿನ ಉಗ್ರಾಣದ ಗೋಣಿಯ ಮೇಲೆ ಮಲಗಿದವನು. ಹೆಂಡತಿ ರುದ್ರಮ್ಮ ಗಂಡಸಿಯಲ್ಲಿ ಅವನ ಅಣ್ಣನ ಮನೆಯಲ್ಲಿ, ಓರಗಿತ್ತಿಯ ಒಲೆಯ ಮುಂದೆ. ಇವನು ಶನಿವಾರ ಸಂಜೆಯ ಬಸ್ಸಿಗೆ ಹೋದರೆ ಸೋಮವಾರ ಮೊದಲ ಬಸ್ಸಿಗೆ ವಾಪಸ್ಸು. ಮಕ್ಕಳಾಗಲಿಲ್ಲ. ವಾರಕ್ಕೊಂದು ದಿನದ ಸಂಸಾರಕ್ಕೆ ದೇವರು ತಾನೆ ಎಷ್ಟು ಸಲ ಬಂದಾನು ಅಂತ ರುದ್ರಮ್ಮ ನಗುನಗುತ್ತಲೇ ಚುಚ್ಚುತ್ತಿದ್ದಳು. ಕೆಲಸ ನಿನ್ನದೇ ಎಂದ ಸುದ್ದಿ ಕೇಳಿದ ವಾರವೇ ಕಾಯಿ ತರುವ ಗಾಡಿಯಲ್ಲಿ ತನ್ನ ತವರಿನ ಒರಳುಕಲ್ಲನ್ನು ಹೇರಿ ಕಳಿಸಿಬಿಟ್ಟಳು. ಹೆಂಗಸಿನ ಆತುರ ಅಂತ ಆಳುಗಳು ನಕ್ಕರು. ತಿಮ್ಮಯ್ಯನೇ ಅದನ್ನು ಉರುಳಿಸಿಕೊಂಡು ಹೋಗಿ ಹೊಸ ಮನೆಯ ಬಾಗಿಲ ಪಕ್ಕ ನಿಲ್ಲಿಸಿದ.

ಸಂದರ್ಶನಕ್ಕೆ ಸುಬ್ಬರಾಮಯ್ಯ ತನ್ನ ಕೋಟು ಕೊಟ್ಟ, ಅರ್ಜಿ ಬರೆದುಕೊಟ್ಟ, ಇಂಗ್ಲಿಷಿನಲ್ಲಿ ನಮಸ್ಕಾರ ಹೇಳುವುದನ್ನೂ ಹೇಳಿಕೊಟ್ಟ. ಕುರ್ಚಿಯ ವಿಚಾರ ಮಾತ್ರ ಅವನಿಗೆ ಹೊಳೆಯಲಿಲ್ಲ. ಹೇಗೆ ಹೊಳೆದೀತು? ಅವನೂ ಆ ಮಿಲ್ಲಿನಲ್ಲಿ ಚಾಪೆ ಬಿಟ್ಟು ಮೇಲೆ ಕೂತವನಲ್ಲ.

ತಿಮ್ಮಯ್ಯ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದ. ಮೇಜಿನ ಆಚೆ ಬೆಂಗಳೂರಿನವರಿಬ್ಬರು, ನಡುವೆ ಸಾಹುಕಾರರು. ಈಚೆ ಒಂದು ಖಾಲಿ ಕುರ್ಚಿ. ಕೂತ್ಕೊಳ್ಳಿ ಅಂದರು ಬೆಂಗಳೂರಿನವರು. ತಿಮ್ಮಯ್ಯ ಸಾಹುಕಾರರ ಮುಖ ನೋಡಿದ. ಅವರು ಕಿಟಕಿ ನೋಡುತ್ತಿದ್ದರು. ಆ ಇಬ್ಬರು ಇನ್ನೊಂದು ಸಲ ಅಂದರು, ಮತ್ತೊಂದು ಸಲ ಅಂದರು. ಪರವಾಗಿಲ್ಲ ಬುದ್ಧಿ, ನಿಂತೇ ಹೇಳ್ತೀನಿ ಅಂದ ತಿಮ್ಮಯ್ಯ. ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರ ಕೊಟ್ಟ. ಯಂತ್ರದ ಯಾವ ಭಾಗ ಎಷ್ಟು ತಿಂಗಳಿಗೆ ಸವೆಯುತ್ತದೆ, ಮಳೆಗಾಲದ ಕೊಬ್ಬರಿಗೆ ಬೂಷ್ಟು ಹಿಡಿಯದಂತೆ ಏನು ಮಾಡಬೇಕು, ಆಳುಗಳು ಜಗಳ ಬಿದ್ದರೆ ಯಾರನ್ನು ಮೊದಲು ಕರೆಯಬೇಕು, ಎಲ್ಲ. ಬೆಂಗಳೂರಿನವರು ತಲೆದೂಗಿದರು. ಅವನು ಹೊರಗೆ ಬಂದು ಕೋಟಿನ ಗುಂಡಿ ಬಿಚ್ಚುವಾಗ ಕೆಲಸ ಆದಂತೆಯೇ ಎಂದುಕೊಂಡಿದ್ದ.

ಅವನ ಹಿಂದೆ ಹೋದವನು ಬೇಲೂರಿನ ಸುಂದರರಾಜ, ದೇವಸ್ಥಾನದ ಸೇವೆಯವರ ಮನೆಯ ಹುಡುಗ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿದವನು. ಹೇಳುವ ಮೊದಲೇ ಕುರ್ಚಿ ಎಳೆದು ಕೂತನಂತೆ. ಎರಡು ವಾರದ ಮೇಲೆ ಕೆಲಸದ ಕಾಗದ ಬಂದದ್ದು ಅವನಿಗೆ. ಸಂದರ್ಶನದ ಕಡತ ಕೈಗೆ ಬಂದ ದಿನ ತಿಮ್ಮಯ್ಯನ ಹೆಸರಿನ ಮುಂದೆ ಬೆಂಗಳೂರಿನವರೊಬ್ಬರು ಬರೆದಿದ್ದನ್ನು ಸುಬ್ಬರಾಮಯ್ಯ ಓದಿ ಹೇಳಿದ. ಕೆಲಸ ಚೆನ್ನಾಗಿ ಬಲ್ಲ, ಆದರೆ ಮಾಲೀಕರೆದುರು ಕೂರಲಾರದವನು ನಾಳೆ ಮಾಲೀಕರಿಗೆ ಆಗುವುದಿಲ್ಲ ಎಂದು ಹೇಳಲಾರ, ಮ್ಯಾನೇಜರ್ ಆದವನಿಗೆ ಅದು ಬರಬೇಕು.

ಅದನ್ನು ಕೇಳಿದವನೇ ತಿಮ್ಮಯ್ಯ ಸಾಹುಕಾರರ ಮುಂದೆ ಬಂದು ನಿಂತಿದ್ದ. ಈಗಲೂ ನಿಂತೇ ಇದ್ದ.

“ನೀನೇ ಕೂತಿದ್ರೆ ಬೇಡ ಅಂತಿದ್ನೇನೋ?” ಅಂದರು ಸಾಹುಕಾರರು.

“ಗಾಣದ ಎತ್ತು ತಾನೇ ನೊಗ ಬಿಚ್ಕೊಂಡು ಮಲಗ್ತದಾ? ಹದಿನೇಳು ವರ್ಸ ನಿಲ್ಲಿಸಿದೋರು ನೀವು. ಕೂರಿಸಾಕೂ ನೀವೇ ಬೇಕಾಗಿತ್ತು.”

ಸಾಹುಕಾರರು ಎಲೆಯನ್ನು ತಟ್ಟೆಗೆ ಹಾಕಿದರು. ಸುಳ್ಳು ಹೇಳುವ ಜನ ಅಲ್ಲ ಅವರು. ಹೇಳಿದ್ದರೆ ಅವತ್ತು ಚೆನ್ನಾಗಿತ್ತು.

“ಮನಸ್ಸು ಬರಲಿಲ್ಲ ಕಣೋ” ಅಂದರು. “ಬಾಯಿಗೆ ಬಂದಿತ್ತು. ನೀನು ನನ್ನ ಎದುರು ಕೂರೋದನ್ನ ನೋಡೋಕೆ ಮನಸ್ಸು ಬರಲಿಲ್ಲ.”

ಹೊರಗೆ ಯಂತ್ರ ಗರಗರ ಓಡುತ್ತಿತ್ತು. ತಿಮ್ಮಯ್ಯನ ಸಿಟ್ಟು ಅಲ್ಲಿಗೆ ಇಳಿದುಹೋಯಿತು. ಇಳಿದ ಮೇಲೆ ಉಳಿದದ್ದು ಸಿಟ್ಟಿಗಿಂತ ಕೆಟ್ಟದಾಗಿತ್ತು. ಬೈಯಲು ಯಾರೂ ಇರಲಿಲ್ಲ. ತನ್ನ ಮೊಣಕಾಲನ್ನು ಬೈಯಬೇಕಷ್ಟೆ.

ಸಾಹುಕಾರರು ಸಮಾಧಾನದ ಮಾತಿಗೆ ಬಂದರು. ಸುಂದರರಾಜ ಸೋಮವಾರ ಬರುತ್ತಾನೆ, ಅವನಿಗೆ ಕಾಯಿಯೂ ಗೊತ್ತಿಲ್ಲ, ಆಳೂ ಗೊತ್ತಿಲ್ಲ, ಆರು ತಿಂಗಳು ಜೊತೆಯಲ್ಲಿದ್ದು ಕಲಿಸಿಕೊಡು, ಸಂಬಳ ಹೆಚ್ಚಿಸೋಣ, ಮಲಗಲು ಉಗ್ರಾಣ ಇದ್ದೇ ಇದೆ ಎಂದರು. ಆಮೇಲೆ, ಯಾವತ್ತೂ ಮಾಡದ್ದನ್ನು ಮಾಡಿದರು. ಪಕ್ಕದ ಕುರ್ಚಿಯನ್ನು ತಾವೇ ಎಳೆದು ಅವನ ಮುಂದಿಟ್ಟರು.

“ಕೂತ್ಕೋ ತಿಮ್ಮಯ್ಯ. ಈಗ ನಾನೇ ಹೇಳ್ತಿದೀನಿ. ಕೂತ್ಕೋ.”

ತಿಮ್ಮಯ್ಯ ಕುರ್ಚಿ ನೋಡಿದ. ಅದರ ಬೆನ್ನಿಗೆ ಕೈ ಕೂಡ ಇಟ್ಟ. ಕೂತು ತೋರಿಸಿಬಿಡಬೇಕು ಎಂದು ಅವನಿಗೆ ನಿಜವಾಗಿಯೂ ಇತ್ತು. ಸುಬ್ಬರಾಮಯ್ಯ ಕೂಡ ತಲೆ ಎತ್ತಿ ನೋಡುತ್ತಿದ್ದ. ಕಾಲು ಬಗ್ಗಲಿಲ್ಲ. ಬೆಂಗಳೂರಿನವರು ಬರೆದದ್ದು ಸರಿಯಾಗಿಯೇ ಇತ್ತು.

“ಬತ್ತೀನಿ ಬುದ್ಧಿ” ಅಂದ.

ಸಂದರ್ಶನದ ದಿನದಿಂದ ಉಗ್ರಾಣದಲ್ಲೇ ಇದ್ದ ಕೋಟನ್ನು ತಂದು ಗುಮಾಸ್ತನ ಚಾಪೆಯ ಮೇಲೆ ಮಡಚಿಟ್ಟ. ಉಗ್ರಾಣದ ಬೀಗದಕೈ ಅದರ ಮೇಲೆ ಇಟ್ಟ. ಚಪ್ಪಲಿ ಮೆಟ್ಟಿಕೊಂಡು ಮಿಲ್ಲಿನ ಹಿಂಬಾಗಿಲಿನಿಂದ ಹೊರಟ. ಬೇವಿನ ಮರದ ಕೆಳಗೆ, ಬೀಗ ಹಾಕಿದ ಹೊಸ ಮನೆಯ ಬಾಗಿಲ ಪಕ್ಕ, ಒರಳುಕಲ್ಲು ಹಾಗೇ ಕೂತಿತ್ತು. ಕುಳಿಯಲ್ಲಿ ಬೇವಿನ ಹಣ್ಣೆಲೆ ತುಂಬಿತ್ತು. ಬಗ್ಗಿ ಎರಡು ಹಿಡಿ ಎಲೆ ತೆಗೆದು ಎಸೆದ. ಕಲ್ಲನ್ನು ಒಮ್ಮೆ ಅಲ್ಲಾಡಿಸಿ ನೋಡಿದ. ಒಬ್ಬನ ಕೈಯಲ್ಲಿ ಎತ್ತಿಕೊಂಡು ಹೋಗುವಂಥದ್ದಲ್ಲ. ರುದ್ರಮ್ಮನಿಗೆ ಏನು ಹೇಳುವುದು ಎಂಬುದು ಅವನಿಗೆ ತಿಳಿಯಲಿಲ್ಲ. ಅವತ್ತು ಬುಧವಾರ. ಬುಧವಾರ ಗಂಡ ಬಂದು ಬಾಗಿಲಲ್ಲಿ ನಿಂತದ್ದನ್ನು ಅವಳು ಕಂಡವಳೇ ಅಲ್ಲ.

ಯಂತ್ರದ ಹತ್ತಿರವಿದ್ದ ಆಳು ಲಕ್ಕಪ್ಪ, ಎತ್ತ ಹೊರಟೆ ಮೇಸ್ತ್ರಿ, ಕಾಯಿ ಗಾಡಿ ಬಂದವೆ ಎಂದು ಕೂಗಿದ. ಮೂರು ಗಾಡಿ ಕಾಯಿ ಅಂಗಳದಲ್ಲಿ ನಿಂತಿದ್ದವು. ಒಂದನ್ನಾದರೂ ಕಿವಿಗೆ ಹಿಡಿದು ಅಲ್ಲಾಡಿಸದೆ ತಿಮ್ಮಯ್ಯ ಅವುಗಳ ನಡುವೆ ದಾಟಿ ಗೇಟಿನಾಚೆ ನಡೆದ.

ಲಕ್ಕಪ್ಪ ಕತ್ತಲಾಗುವವರೆಗೆ ಗಾಡಿ ಇಳಿಸದೆ ಕಾದ. ಮಾರನೆಯ ದಿನ ಸಾಹುಕಾರರೂ ಆಫೀಸಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕಾದರು. ತಿಮ್ಮಯ್ಯ ಬರಲಿಲ್ಲ, ಒರಳುಕಲ್ಲು ಕೇಳಿಕೊಂಡು ಗಂಡಸಿಯಿಂದ ಯಾರೂ ಬರಲಿಲ್ಲ.