ಖಾಲಿ ಬೀಕರಿನಲ್ಲಿ ಉಳಿದದ್ದು

ಏನೂ ಹಾಕದ ಬೀಕರಿನಲ್ಲಿ ಏನೂ ಉಳಿಯಬಾರದು. ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಸರಳವಾದ ಮಾತಿಲ್ಲ. 1961ರಲ್ಲಿ ಅದೇ ನನ್ನ ಪ್ರಾಣ ತಿಂದಿತು.

ಗಣಿಯ ನೀರಿನಲ್ಲಿ ಕಲ್ಲುಪುಡಿ ಎಷ್ಟಿದೆ ಎಂದು ಅಳೆಯುವ ಹೊಸ ವಿಧಾನ ನನ್ನ ಸಂಶೋಧನೆ. ನನ್ನ ಹಾಗೆ ಉರಿಗಾಂ ಚಿನ್ನದ ಗಣಿಯ ಕೂಲಿಗಳ ಲೈನುಮನೆಯಿಂದ ಬಂದವರು ಯಾರೂ ಅಲ್ಲಿಯವರೆಗೆ ಬೆಂಗಳೂರಿನ ನಮ್ಮ ವಿಭಾಗದಲ್ಲಿ ಡಾಕ್ಟರೇಟ್ ಮಾಡಿರಲಿಲ್ಲ. ವಿಧಾನ ಸರಿಯೆಂದು ತೋರಿಸಲು, ಗಣಿಯ ನೀರು ಹಾಕದೆ ಬರೀ ಆಸಿಡ್ಡು, ಬಟ್ಟಿ ಇಳಿಸಿದ ನೀರು ಕುದಿಸಿ ಇಂಗಿಸಬೇಕು. ತೂಕ ಸೊನ್ನೆ ಬರಬೇಕು. ನನ್ನ ಬೀಕರಿನ ತಳದಲ್ಲಿ ಮಾತ್ರ ಪ್ರತಿ ಸಲವೂ ಉಗುರಿನ ತುದಿಯಷ್ಟು ಬೂದು ಪುಡಿ.

ಆಸಿಡ್ ಬದಲಿಸಿದೆ. ನೀರನ್ನು ಮೂರು ಸಲ ಬಟ್ಟಿ ಇಳಿಸಿದೆ. ಹೊಸ ಬೀಕರುಗಳನ್ನು ತರಿಸಿದೆ. ಪುಡಿ ಹೋಗಲಿಲ್ಲ. ಅದನ್ನು ತೂಗುವಾಗಲೆಲ್ಲ ಬೆನ್ನ ಹಿಂದೆ ಯಾರೋ ಕೆಮ್ಮಿದಂತಾಗುತ್ತಿತ್ತು. ಆ ಕೆಮ್ಮು ನನಗೆ ಗೊತ್ತಿತ್ತು. ಅಪ್ಪ ಕೋದಂಡಪ್ಪ ಇಪ್ಪತ್ತೆರಡು ವರ್ಷ ಗಣಿಯೊಳಗೆ ಕಲ್ಲು ಕೊರೆದು, ಆರು ವರ್ಷ ಹಾಗೇ ಕೆಮ್ಮಿ ಸತ್ತಿದ್ದರು. ವಿಜ್ಞಾನ ಓದಿದವನು ಹೇಳಬಾರದು, ಆದರೆ ನನಗೆ ಹೆದರಿಕೆಯಾಗುತ್ತಿತ್ತು.

ಲ್ಯಾಬಿನ ಅಟೆಂಡರ್ ಆರುಮುಗಂ, ನಮ್ಮ ಗಣಿಯ ಪಕ್ಕದ ರಾಬರ್ಟ್‌ಸನ್‌ಪೇಟೆಯವನು, ಒಂದು ದಿನ ತಕ್ಕಡಿಯ ಗಾಜಿನ ಪೆಟ್ಟಿಗೆಗೆ ವಿಭೂತಿ ಹಚ್ಚಿದ.

“ಯಾರೋ ಇಲ್ಲೇ ಅವ್ರೆ ಸಾರ್. ಕೆಟ್ಟೋರಲ್ಲ.”

ಬೈದು ಒರೆಸಿಹಾಕಿದೆ.

ಮುಖ್ಯಸ್ಥ ಅಶ್ವತ್ಥಪ್ಪನವರು ದೆವ್ವಗಿವ್ವ ನಂಬುವವರಲ್ಲ. “ಯುಗಾದಿಯೊಳಗೆ ಸೊನ್ನೆ ತೋರಿಸಿ. ಇಲ್ಲವಾದರೆ ಈ ವಿಷಯ ಬೇರೆಯವರಿಗೆ ಕೊಡುತ್ತೇನೆ,” ಎಂದುಬಿಟ್ಟರು.

ಆ ಶನಿವಾರ ಬಂಗಾರಪೇಟೆಯಲ್ಲಿ ಗಾಡಿ ಬದಲಿಸಿ ಉರಿಗಾಂಗೆ ಹೋದೆ. ಅಮ್ಮ ಮುನಿಶಾಮಮ್ಮ ಮುದ್ದೆ ಬಡಿಸಿ, ಟ್ರಂಕಿನಿಂದ ಬಟ್ಟೆಯ ತುಂಡೊಂದನ್ನು ತೆಗೆದಳು. ಬೀಕರ್ ಒರೆಸಲು ಹಳೇ ಮೆತ್ತನೆ ಬಟ್ಟೆ ಬೇಕೆಂದು ವರ್ಷದ ಹಿಂದೆ ಕೇಳಿದವನು ನಾನೇ. ಅಂದಿನಿಂದ ನಾನು ಊರಿಗೆ ಬಂದಾಗಲೆಲ್ಲ ಅವಳು ಒಂದೊಂದು ತುಂಡು ಹರಿದು ಕೊಡುತ್ತಿದ್ದಳು.

“ಇದೇ ಕೊನೇದು ಕಣ್ಲಾ ಸೀನ. ನಿಮ್ಮಪ್ಪನ ರುಮಾಲು ಮುಗೀತು.”

ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟೆ.

“ಗಣಿಗೆ ಸುತ್ತಿಕೊಂಡು ಓಗ್ತಿದ್ರಲ್ಲ, ಅದಾ? ಒಗೆದಿದ್ಯೇನಮ್ಮ?”

“ಒಗೆದ್ರೆ ಅವರ ವಾಸ್ನೆ ಓಗಲ್ವಾ? ಒದರಿ ಮಡಚಿಕ್ಕಿದ್ದೆ. ಅವ್ರಂತೂ ಕಾಲೇಜು ಮೆಟ್ಟಿಲು ಅತ್ತಲಿಲ್ಲ. ಬಟ್ಟೆಯಾದ್ರೂ ಓಗ್ಲಿ ಅಂತ.”

ಆಸಿಡ್ಡನ್ನು ಅನುಮಾನಿಸಿದ್ದೆ, ನೀರನ್ನು, ಗಾಜನ್ನು ಅನುಮಾನಿಸಿದ್ದೆ. ಅಮ್ಮ ಕೊಟ್ಟದ್ದನ್ನು ಯಾರು ಪರೀಕ್ಷೆ ಮಾಡುತ್ತಾರೆ?

ಸೋಮವಾರ ಹೊಸ ಬಟ್ಟೆ ಕೊಂಡು, ಒಗೆದು ಒಣಗಿಸಿ ಬೀಕರ್ ಒರೆಸಿದೆ. ಸೊನ್ನೆ. ಮರುದಿನವೂ ಸೊನ್ನೆ. ಅಶ್ವತ್ಥಪ್ಪನವರು ಬೆನ್ನು ತಟ್ಟಿ ವಿಭಾಗಕ್ಕೆಲ್ಲ ಕಾಫಿ ತರಿಸಿದರು. ಬೆನ್ನ ಹಿಂದೆ ಯಾರೂ ಕೆಮ್ಮಲಿಲ್ಲ. ಅಪ್ಪನನ್ನು ಕತ್ತು ಹಿಡಿದು ಆಚೆ ನೂಕಿದಂತಾಗಿ ಕಾಫಿಯ ಲೋಟವನ್ನು ಹಾಗೇ ಇಟ್ಟೆ. ಪೆಟ್ಟಿಗೆಗೆ ವಿಭೂತಿ ಹಚ್ಚೆಂದು ನಾನೇ ಆರುಮುಗನಿಗೆ ಹೇಳಿದೆ.

“ಇನ್ಯಾಕೆ ಸಾರ್? ಓಗ್ಬಿಟ್ರು,” ಎಂದ.

ಮರುವರ್ಷ ಪದವಿಪತ್ರವನ್ನು ಅಮ್ಮನ ಕೈಗಿಟ್ಟೆ. ಓದು ಬಾರದ ಅವಳು ಅದನ್ನು ಮೆಲ್ಲಗೆ ಸವರಿದಳು.

“ಕೊನೇವರೆಗೂ ಅವರ ಬಟ್ಟೆ ಜೊತೇಲಿತ್ತಾ?”

ಪ್ರಬಂಧದ ಎಂಬತ್ತೊಂದನೇ ಪುಟದಲ್ಲಿ ನಾನೇ ಬರೆದ ಸಾಲು ನೆನಪಾಯಿತು: ದೋಷದ ಮೂಲ, ಕೊಳಕು ಬಟ್ಟೆ, ತೆಗೆದುಹಾಕಲಾಗಿದೆ.

“ಇತ್ತು ಕಣಮ್ಮ,” ಎಂದೆ.