ಒದ್ದೆ ಜೇಬು

ಅಮ್ಮನ ಶವಪೆಟ್ಟಿಗೆಗೆ ಹೆಗಲು ಕೊಡುವವರಲ್ಲಿ ತಮ್ಮ ಲೀತ್ ಇರಬೇಕೋ ಬೇಡವೋ ಎಂಬ ಮಾತು ಆ ವಾರವೆಲ್ಲ ಗ್ಲೆನಿಸ್‌ಳ ಅಡುಗೆಮನೆಯಲ್ಲಿ ನಡೆಯಿತು. ಬೇಡ ಎನ್ನುತ್ತಿದ್ದವನು ಅವಳ ಗಂಡ ಮರ್ವ್. ಅಪ್ಪನನ್ನು ಮಣ್ಣು ಮಾಡಿದ ದಿನ ಲೀತ್ ಕುಡಿದು ಬಂದು ಗುಂಡಿಯ ಅಂಚಿನಲ್ಲಿ ಮುಗ್ಗರಿಸಿದ್ದನ್ನು ವಾಲರೂ ಊರು ಇನ್ನೂ ಮರೆತಿರಲಿಲ್ಲ. ಅದು ಹಳೆಯ ಮಾತು, ಈಗ ಅವನು ಕುಡಿತ ಬಿಟ್ಟಿದ್ದಾನೆ, ಅವನ ಹೊಣೆ ನನ್ನದು ಎಂದು ಗ್ಲೆನಿಸ್ ಪಟ್ಟು ಹಿಡಿದಳು. ಕೊನೆಗೆ ಮರ್ವ್ ಸೋತ.

"ಸರಿ, ಹೊರಲಿ. ಆದ್ರೆ ಅವನು ಇನ್ನೊಂದು ಸಲ ಕುಡಿದ್ರೆ ಅವತ್ತೇ ಅವನ ಗಂಟುಮೂಟೆ ಮನೆಯಿಂದ ಹೊರಗೆ. ಆಮೇಲೆ ನನ್ನ ಹತ್ರ ಬಂದು ಅಳಬಾರದು."

ಲೀತ್ ಹಿತ್ತಲಿನ ಗ್ಯಾರೇಜಿಗೆ ಅಂಟಿಕೊಂಡ ಕೋಣೆಯಲ್ಲಿದ್ದ. ಹಗಲು ಗೋಧಿ ತುಂಬಿಡುವ ಸೈಲೋದಲ್ಲಿ ಕೆಲಸ, ಸಂಜೆ ಅಕ್ಕನ ಮನೆಯ ಊಟ. ಕುಡಿತವನ್ನೂ ಸಿಗರೇಟನ್ನೂ ಒಟ್ಟಿಗೇ ಬಿಟ್ಟಿದ್ದ. ಕೈಯಲ್ಲಿ ಉಳಿದದ್ದು ಹೊಗೆಯಂಥ ಆವಿ ಎಳೆಯುವ ವೇಪ್ ಒಂದೇ. ಕಾನೂನು ಬಿಗಿಯಾಗುವುದಕ್ಕೆ ಮೊದಲೇ ಅವನು, ಅವನಂಥ ಎಷ್ಟೋ ಜನರ ಹಾಗೆ, ಅಪ್ಪಟ ನಿಕೋಟಿನ್ ದ್ರವದ ಬಾಟಲಿಗಳನ್ನು ಅಂಚೆಯಲ್ಲಿ ತರಿಸಿ ಗ್ಯಾರೇಜಿನ ಫ್ರೀಜರ್‌ನಲ್ಲಿ ಬಟಾಣಿಯ ಚೀಲಗಳ ಹಿಂದೆ ಕೂಡಿಟ್ಟಿದ್ದ. ತಂಪಿನಲ್ಲಿಟ್ಟರೆ ಕೆಡುವುದಿಲ್ಲವಂತೆ. ಪ್ರತಿ ಬಾಟಲಿಗೂ ಕೆಂಪು ಪಟ್ಟಿ ಸುತ್ತಿದ್ದ. ಶನಿವಾರಗಳಲ್ಲಿ ಬಟ್ಟೆ ಒಗೆಯುವ ತೊಟ್ಟಿಯ ಪಕ್ಕ ನೀಲಿ ಕೈಗವಸು ತೊಟ್ಟು, ಆ ನಿಕೋಟಿನ್ನನ್ನು ಇನ್ನೊಂದು ದ್ರವಕ್ಕೆ ಅಳೆದು ಬೆರೆಸಿ ವೇಪ್‌ಗೆ ತಕ್ಕಷ್ಟು ತೆಳುವಾಗಿಸುತ್ತಿದ್ದ. ಅಂಥ ನಿಧಾನವನ್ನು ಅವನಲ್ಲಿ ಗ್ಲೆನಿಸ್ ಚಿಕ್ಕಂದಿನಲ್ಲೂ ಕಂಡಿರಲಿಲ್ಲ.

"ಬೆರೆಸಿದ್ದು ಒಂದು ಹನಿ ಕೈಗೆ ಬಿದ್ರೆ ತೊಳ್ಕೊಂಡ್ರಾಯ್ತು, ಗ್ಲೆನ್," ಎಂದಿದ್ದ ಒಮ್ಮೆ. "ಈ ಕೆಂಪು ಪಟ್ಟಿದು ಮಾತ್ರ ಮುಟ್ಬೇಡ. ಚೆಲ್ಲಿದ್ರೆ ಬಟ್ಟೆ ಬಿಚ್ಚಿ ಬಿಸಾಕಿ ನೀರಿಗೆ ನಿಲ್ಬೇಕು. ಬಾಯಿಗೇ ಹೋಗ್ಬೇಕು ಅಂತಿಲ್ಲ, ಚರ್ಮದಿಂದಾನೇ ಒಳಗಿಳಿಯುತ್ತೆ."

"ಕುಡಿಯೋವಾಗ ಇದರಲ್ಲಿ ಅರ್ಧ ಹುಷಾರಾಗಿದ್ದಿದ್ರೆ ಸಾಕಿತ್ತು ಕಣೋ," ಎಂದು ಅವಳು ನಕ್ಕಿದ್ದಳು.

ಅವನು ನಗಲಿಲ್ಲ. ತಿರುಗಿ ತೊಟ್ಟಿಯನ್ನು ಉಜ್ಜತೊಡಗಿದ.

ಅಂತ್ಯಕ್ರಿಯೆಯ ಬೆಳಿಗ್ಗೆಯೇ ಬಡಗಣದ ಬಿಸಿಗಾಳಿ ಎದ್ದಿತ್ತು. ಲೀತ್ ಅಪ್ಪನ ಕಪ್ಪು ಉಣ್ಣೆಯ ಸೂಟು ತೊಟ್ಟು, ಕೂದಲು ಬಾಚಿ, ಶಾಲೆಗೆ ಹೊರಟ ಹುಡುಗನ ಹಾಗೆ ನಿಂತಿದ್ದ. ಹೊರಡುವ ಮುಂಚೆ ಗ್ಯಾರೇಜಿಗೆ ಹೋಗಿ ಫ್ರೀಜರ್‌ನಿಂದ ಒಂದು ಬಾಟಲಿ ತಂದ. ಕುರಿಗಳ ಉಣ್ಣೆ ಕತ್ತರಿಸುವ ಕಾಲದ ಅವನ ಜೊತೆಗಾರ ರಾಬೋ ಸೆಡೂನಾದಿಂದ ಬರುವವನಿದ್ದ. ಅವನ ದಾಸ್ತಾನು ಮುಗಿದಿತ್ತಂತೆ, ಇದು ಅವನಿಗೆ. ಬಾಟಲಿಯ ಮೇಲೆ ಕಟ್ಟಿದ್ದ ಮಂಜನ್ನು ಕರವಸ್ತ್ರದಿಂದ ಒರೆಸಿ ಪ್ಯಾಂಟಿನ ಜೇಬಿಗೆ ಇಳಿಸಿದ.

ಕಾರಿನಲ್ಲಿ ಅವನು ತೊಡೆ ಸವರಿಕೊಂಡದ್ದನ್ನು ಗ್ಲೆನಿಸ್ ಗಮನಿಸಿದಳು.

"ಮಂಜು ಕರಗಿ ಒದ್ದೆಯಾಯ್ತಾ? ಕೈಯಲ್ಲಿ ಹಿಡ್ಕೋಬಾರ್ದಿತ್ತಾ?"

"ನೀರು ತಾನೆ. ಒಣಗುತ್ತೆ ಬಿಡು."

ಚರ್ಚಿನಲ್ಲಿ ಅವನು ಪೆಟ್ಟಿಗೆಯ ಮುಂದಿನ ಮೂಲೆ ಹಿಡಿದಿದ್ದ. ಹೆಜ್ಜೆ ತಪ್ಪಲಿಲ್ಲ, ಹೆಗಲು ಅಲುಗಲಿಲ್ಲ. ವಾಹನದೊಳಕ್ಕೆ ತಳ್ಳುವಾಗ ಪೆಟ್ಟಿಗೆಯ ಅಂಚು ಅವನ ತೊಡೆಗೆ ಒತ್ತಿತು. ಹಲ್ಲು ಕಚ್ಚಿ ತಡೆದುಕೊಂಡ. ಗ್ಲೆನಿಸ್ ಮರ್ವ್‌ನ ಕಡೆ ನೋಡಿದಳು. ಅಮ್ಮ ಸತ್ತ ಆ ವಾರದಲ್ಲಿ ಅವಳಿಗೆ ಸಿಕ್ಕ ಒಂದೇ ಸಮಾಧಾನ ಅದಾಗಿತ್ತು.

ಸ್ಮಶಾನದಿಂದ ಬಂದು ಎಲ್ಲರೂ ಚರ್ಚಿನ ಹಾಲ್‌ನಲ್ಲಿ ಸೇರಿದರು. ಒಬ್ಬೊಬ್ಬರೂ ಒಂದೊಂದು ತಟ್ಟೆ ತಂದಿದ್ದರು: ಮೊಟ್ಟೆಯ ಸ್ಯಾಂಡ್‌ವಿಚ್, ಸಾಸೇಜ್ ರೋಲ್, ತೆಂಗಿನ ತುರಿ ಉದುರಿಸಿದ ಲ್ಯಾಮಿಂಗ್ಟನ್ ಕೇಕು. ಲೀತ್ ಕಿಟಕಿಯ ಬಳಿ ಒಬ್ಬನೇ ನಿಂತಿದ್ದ. ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಹಣೆಯ ಬೆವರು ಕಾಲರಿನೊಳಕ್ಕೆ ಇಳಿಯುತ್ತಿತ್ತು, ಬಾಯಲ್ಲಿ ಊರುತ್ತಿದ್ದ ಎಂಜಲನ್ನು ಮತ್ತೆ ಮತ್ತೆ ಕರವಸ್ತ್ರಕ್ಕೆ ಉಗಿಯುತ್ತಿದ್ದ. ಕೈಯಲ್ಲಿನ ಟೀ ಕಪ್ಪು ಸಾಸರಿನ ಮೇಲೆ ಟಕಟಕ ಎನ್ನುತ್ತಿತ್ತು. ಕಪ್ಪನ್ನು ಇಡಲು ಹೋಗಿ ಇಡಲಾರದೆ, ಗೋಡೆ ಹಿಡಿದು ತೂರಾಡುತ್ತ ಹೊರಗೆ ಹೋಗಿ ಬಾಗಿಲ ಪಕ್ಕದ ಗುಲಾಬಿ ಪಾತಿಗೆ ವಾಂತಿ ಮಾಡಿದ.

"ಅಪ್ಪನಿಗೊಂದು ಆಗಿತ್ತು, ಈಗ ಅಮ್ಮನಿಗೊಂದು," ಎಂದು ಯಾರೋ ಮೆಲ್ಲಗೆ ಹೇಳಿದರು. ಮರ್ವ್ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟು ಹೆಂಡತಿಯನ್ನು ನೋಡಿದ. ಬೈದಿದ್ದರೆ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಅವಳು ತಮ್ಮನ ತೋಳು ಹಿಡಿದು ಎಳೆದುಕೊಂಡೇ ಕಾರಿನ ಬಳಿಗೆ ನಡೆದಳು. ಅವನ ಕಾಲುಗಳಲ್ಲಿ ಬಲವಿರಲಿಲ್ಲ.

"ನಾನು ಕುಡಿದಿಲ್ಲ, ಗ್ಲೆನ್. ಏನೋ ಆಗ್ತಿದೆ ನಂಗೆ."

"ಇವತ್ತೊಂದು ದಿನ ಕೇಳಿದ್ದೆ ನಿನ್ನ, ಲೀತ್. ಒಂದೇ ಒಂದು ದಿನ."

ಹಾಗೆನ್ನುವಾಗ ಅವಳು ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡಿದ್ದಳು. ವರ್ಷಗಟ್ಟಲೆ ಮೂಗಿಗೆ ಅಡರಿದ್ದ ಆ ಹೆಂಡದ ವಾಸನೆ ಮತ್ತೆ ಬೇಡವಾಗಿತ್ತು. ಹಿಂದಿನ ಸೀಟಿನಲ್ಲಿ ಅವನನ್ನು ಮಲಗಿಸುವಾಗ ಪ್ಯಾಂಟಿನ ಒಂದು ಕಡೆ ತೊಡೆಯುದ್ದಕ್ಕೂ ಒದ್ದೆಯಾಗಿದ್ದು ಕಂಡಿತು. ಕುಡಿತದ ದಿನಗಳಲ್ಲಿ ಅವನು ಹಾಸಿಗೆ ಒದ್ದೆ ಮಾಡಿಕೊಂಡಿದ್ದು, ಆ ಹೊದಿಕೆಗಳನ್ನು ಅಮ್ಮ ಮಾತಿಲ್ಲದೆ ಒಗೆದದ್ದು ಅವಳಿಗೆ ನೆನಪಾಯಿತು. ಊರು ಇದನ್ನೂ ನೋಡುವುದು ಬೇಡ. ಡಿಕ್ಕಿಯಲ್ಲಿದ್ದ ದಪ್ಪ ಕಂಬಳಿಯನ್ನು ತಂದು ಸೊಂಟದಿಂದ ಕೆಳಕ್ಕೆ ಹೊದಿಸಿ, ಎರಡೂ ಬದಿ ಒಳಕ್ಕೆ ಸಿಕ್ಕಿಸಿದಳು. ಕಿಟಕಿಗಳನ್ನು ಇಳಿಸಿ ಹಾಲ್‌ಗೆ ವಾಪಸಾದಳು.

ಆಮೇಲೆ ಟೀ ಬಗ್ಗಿಸುತ್ತ ಓಡಾಡಿದಳು. ಯಾರೂ ಲೀತ್‌ನ ಹೆಸರೆತ್ತಲಿಲ್ಲ. ಅಮ್ಮ ಮಾಡುತ್ತಿದ್ದ ಉಪ್ಪಿನಕಾಯಿಯ ಬಗ್ಗೆ, ಗಾಳಿಯ ಬಗ್ಗೆ ಮಾತಾಡಿದರು.

ಜನ ಕರಗತೊಡಗಿದ ಮೇಲೆ ರಾಬೋ ಬಂದ. ದಾರಿಯಲ್ಲಿ ಟಯರು ಪಂಕ್ಚರಾಗಿತ್ತಂತೆ. ದೊಡ್ಡ ಆಳು, ಟೋಪಿಯನ್ನು ಎದೆಗೊತ್ತಿಕೊಂಡು ನಿಂತು ನಿಮ್ಮಮ್ಮ ನನಗೂ ಎಷ್ಟೋ ಸಲ ಊಟ ಹಾಕಿದ್ದರು ಎಂದ. ಆಮೇಲೆ ಟೋಪಿಯ ಅಂಚನ್ನು ತಿರುಗಿಸುತ್ತ ತಡವರಿಸಿದ.

"ಇದು ಕೇಳೋ ಹೊತ್ತಲ್ಲ, ಗ್ಲೆನಿಸ್. ಲೀತ್ ನಂಗೊಂದು ಬಾಟ್ಲು ನಿಕೋಟಿನ್ ತರ್ತೀನಿ ಅಂದಿದ್ದ. ಎಲ್ಲೂ ಕಾಣ್ತಿಲ್ವಲ್ಲ ಅವನು."

ಟೀ ಪಾತ್ರೆ ಅವಳ ಕೈಯಲ್ಲೇ ಇತ್ತು. ಬೆಳಿಗ್ಗೆ ಕರಗಿದ ಮಂಜು. ಈ ಗಾಳಿಗೆ ತಂತಿಯ ಮೇಲಿನ ಹೊದಿಕೆಗಳೇ ನೋಡುತ್ತ ನೋಡುತ್ತ ಒಣಗುತ್ತವೆ. ಆ ಜೇಬು ಇನ್ನೂ ಒದ್ದೆಯಾಗಿತ್ತು.

ಪಾತ್ರೆಯನ್ನು ಎಲ್ಲಿಟ್ಟಳೋ ಅವಳಿಗೆ ಗೊತ್ತಾಗಲಿಲ್ಲ. ಕಾರಿನ ಬಾಗಿಲು ತೆಗೆದಾಗ ಲೀತ್‌ನ ರೆಪ್ಪೆಗಳು ಅದುರುತ್ತಿದ್ದವು, ಉಸಿರು ಎಲ್ಲೋ ದೂರದಿಂದ ಬರುವಂತೆ ನಿಧಾನವಾಗಿ ಬರುತ್ತಿತ್ತು. ಕಂಬಳಿಯ ಕೆಳಗೆ ಬಿಸಿ ಮಡುಗಟ್ಟಿತ್ತು. ಅವಳು ಅದನ್ನು ಕಿತ್ತೆಸೆದು ಪ್ಯಾಂಟಿಗೆ ಕೈ ಹಾಕಹೋದಾಗ ಹಿಂದಿನಿಂದ ಯಾರೋ ಅವಳ ಮಣಿಕಟ್ಟು ಹಿಡಿದರು. ಅಮ್ಮನ ತಂಗಿ ಬೆರಿಲ್.

"ಬರಿಗೈ ಹಾಕ್ಬೇಡ, ಹುಡುಗಿ. ಆಮೇಲೆ ನಿನ್ನನ್ನೂ ಹೊರಬೇಕಾಗುತ್ತೆ."

ನಿಕೋಟಿನ್ ಚೆಲ್ಲಿದೆ ಎಂದು ಓಡುತ್ತಲೇ ಗ್ಲೆನಿಸ್ ಕೂಗಿ ಹೇಳಿದ್ದನ್ನು ಮುದುಕಿ ಕೇಳಿಸಿಕೊಂಡಿದ್ದಳು. ಪಾತ್ರೆ ತೊಳೆಯುವ ಗುಲಾಬಿ ಬಣ್ಣದ ಕೈಗವಸು, ಹೂ ಕತ್ತರಿಸುವ ಕತ್ತರಿ ಎರಡನ್ನೂ ತಂದಿದ್ದಳು. ರಾಬೋ ಆಂಬುಲೆನ್ಸಿಗೆ ಫೋನು ಹಚ್ಚಿದ; ಒದ್ದೆ ಬಟ್ಟೆ ಬಿಚ್ಚಿ, ಸೋಪು ಹಚ್ಚಿ ತೊಳೆಯುತ್ತಲೇ ಇರಿ, ಒಂದು ಪಕ್ಕಕ್ಕೆ ಮಲಗಿಸಿ ಎಂದು ಆ ಕಡೆಯಿಂದ ಹೇಳಿದ್ದನ್ನು ಗಟ್ಟಿಯಾಗಿ ಒಪ್ಪಿಸಿದ. ಗ್ಲೆನಿಸ್ ಕೈಗವಸು ತೊಟ್ಟು ಅಪ್ಪನ ಪ್ಯಾಂಟನ್ನು ಮೇಲಿಂದ ಕೆಳಕ್ಕೆ ಕತ್ತರಿಸಿದಳು. ಜೇಬಿನಿಂದ ಉರುಳಿದ ಬಾಟಲಿ ಬಹುಪಾಲು ಖಾಲಿಯಾಗಿತ್ತು; ಫ್ರೀಜರ್‌ನ ಚಳಿಗೆ ಗಡುಸಾಗಿದ್ದ ಅದರ ಮುಚ್ಚಳ ಶವಪೆಟ್ಟಿಗೆಯ ಅಂಚು ಒತ್ತಿದಾಗ ಸೀಳಿತ್ತು.

ಎಲ್ಲರೂ ಸೇರಿ ಅವನನ್ನು ಹುಲ್ಲಿನ ಮೇಲೆ ಮಲಗಿಸಿದರು. ಹೆಂಗಸರು ಮೇಜುಬಟ್ಟೆಯ ನಾಲ್ಕು ಮೂಲೆ ಹಿಡಿದು ಮರೆ ಮಾಡಿದರು. ಗುಲಾಬಿ ಪಾತಿಯ ನೀರಿನ ಪೈಪನ್ನು ಮರ್ವ್ ಹಿಡಿದಿದ್ದ. ಅವನ ಹೊಳೆಯುವ ಬೂಟುಗಳ ಮೇಲೆಲ್ಲ ಸೋಪಿನ ನೊರೆ ಹರಿಯುತ್ತಿತ್ತು.

ಆಸ್ಪತ್ರೆಯಲ್ಲಿ ಒಂದು ರಾತ್ರಿ ಯಂತ್ರವೇ ಅವನ ಪರವಾಗಿ ಉಸಿರಾಡಿತು. ಮರುದಿನ ವೈದ್ಯೆ, ತೆಳುವಾಗಿ ಬೆರೆಸಿದ್ದಾದರೆ ಇಷ್ಟಾಗುತ್ತಿರಲಿಲ್ಲ, ಅಪ್ಪಟದ್ದು ಅಷ್ಟು ಹೊತ್ತು ಮೈಗೆ ಅಂಟಿಕೊಂಡಿದ್ದೇ ಕೆಟ್ಟದ್ದಾಯಿತು ಎಂದಳು. ಮೇಲಿಂದ ಬೆಚ್ಚಗೆ ಹೊದಿಸಿದರೆ ವಿಷ ಇನ್ನೂ ಬೇಗ ಒಳಗಿಳಿಯುತ್ತದೆ, ಯಾರು ಹೊದಿಸಿದ್ದು ಎಂದು ಕೇಳಿದಳು.

"ನಾನು," ಎಂದಳು ಗ್ಲೆನಿಸ್. ಲೀತ್ ಕಣ್ಣು ಬಿಟ್ಟುಕೊಂಡು ಮಲಗಿದ್ದ. ಛಾವಣಿಯನ್ನು ನೋಡುತ್ತಿದ್ದ.

ಲೀತ್ ಮನೆಗೆ ಬಂದ ದಿನ ಮರ್ವ್ ಅವನ ಕೈ ಕುಲುಕಿ ನನ್ನದು ತಪ್ಪಾಯಿತು, ಇದು ನಿನ್ನ ಮನೆ, ಎಲ್ಲಿಗೂ ಹೋಗಬೇಡ ಎಂದ. ಲೀತ್ ತಲೆಯಾಡಿಸಿದ. ಉಳಿದಿದ್ದ ಕೆಂಪು ಪಟ್ಟಿಯ ಬಾಟಲಿಗಳನ್ನೆಲ್ಲ ಡಬ್ಬಿಯೊಂದರಲ್ಲಿಟ್ಟು ಮುಚ್ಚಳ ಬಿಗಿದು, ಪುರಸಭೆಯವರು ವಿಷದ ವಸ್ತುಗಳನ್ನು ತೆಗೆದುಕೊಳ್ಳುವ ಜಾಗದಲ್ಲಿ ಕೊಟ್ಟು ಬಂದ.

ಮತ್ತೆ ಕೆಲಸಕ್ಕೆ ಹೋದ ಮೊದಲ ಸಂಜೆ ಅವನು ನೇರ ಅಡುಗೆಮನೆಗೆ ಬಂದು, ಆಲೂಗಡ್ಡೆ ಸುಲಿಯುತ್ತಿದ್ದ ಅಕ್ಕನ ಎದುರು ನಿಂತು ಬಾಯಿ ತೆರೆದು ಅವಳ ಮುಖಕ್ಕೆ ಉಸಿರು ಬಿಟ್ಟ.

"ಏನೋ ಇದು?"

"ಮೂಸಿ ನೋಡು. ಅವತ್ತು ನೋಡ್ಲಿಲ್ವಲ್ಲ."

ತಮಾಷೆಯಿರಬೇಕು ಎಂದುಕೊಂಡು ಅವಳು ಅವನ ನಗುವಿಗಾಗಿ ಕಾದಳು. ಅದು ಬರಲಿಲ್ಲ. ಮರುದಿನವೂ ಬಂದು ನಿಂತ. ಬೇಡ ಕಣೋ, ನಂಬ್ತೀನಿ ಎಂದು ಅವಳು ಒಂದು ದಿನ ಅತ್ತೂ ನೋಡಿದಳು. ಅವನು ಅವಳ ಅಳು ಮುಗಿಯುವವರೆಗೆ ತಾಳ್ಮೆಯಿಂದ ಕಾದು, ಮತ್ತೆ ಬಾಯಿ ತೆರೆದ.

ಈಗ ಸಂಜೆ ಜಾಲರಿ ಬಾಗಿಲು ಕಿರುಗುಟ್ಟಿದ ಕೂಡಲೇ ಅವಳೇ ಕೈ ಒರೆಸಿಕೊಂಡು ನಿಲ್ಲುತ್ತಾಳೆ. ಅವನ ಉಸಿರಿನಲ್ಲಿ ಗೋಧಿಯ ಧೂಳು, ಸ್ವಲ್ಪ ಪೆಪ್ಪರ್‌ಮಿಂಟು. ಮರ್ವ್ ಪೇಪರಿನಿಂದ ತಲೆ ಎತ್ತುವುದಿಲ್ಲ.

"ಏನೂ ಇಲ್ಲ," ಎನ್ನುತ್ತಾಳೆ ಅವಳು. ಹಾಗೆಂದ ಮೇಲೆಯೇ ಅವನು ಕೈ ತೊಳೆಯಲು ಹೋಗುತ್ತಾನೆ.